‘ಇಫ್ ಐ ಹ್ಯಾಡ್’ ಈಗಿನ ಮಾತಾದರೆ ‘ಹ್ಯಾಡ್’ ಯಾಕೆ? ನಡೆದದ್ದಕ್ಕೂ ನಡೆಯದ್ದಕ್ಕೂ ಒಂದೇ ರೂಪ

ಬನವಾಸಿ ರಸ್ತೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಹತ್ತನೇ ಇಯತ್ತೆಗೆ ಇಂಗ್ಲಿಷ್ ಕಲಿಸುತ್ತೇನೆ. ಇಫ್ ಕ್ಲಾಸ್, ಅಂದರೆ ‘ಇಫ್’ ಬರುವ ಷರತ್ತಿನ ಉಪವಾಕ್ಯ, ಇದರ ಬಗ್ಗೆ ಒಂದು ವಿಷಯ ಕೇಳಬೇಕಿತ್ತು.

ಕ್ರಿಯಾಪದದ ಎರಡನೇ ರೂಪ (ಗೋ–ವೆಂಟ್–ಗಾನ್ ಇದರಲ್ಲಿ ‘ವೆಂಟ್’) ಅಂದರೆ ಆಗಿಹೋದ ಕೆಲಸ ಅಂತ ಮಕ್ಕಳು ಸಣ್ಣ ತರಗತಿಯಿಂದ ಕಲಿತು ಬಂದಿರುತ್ತಾರೆ. ‘ಐ ಹ್ಯಾಡ್ ಎ ಸೈಕಲ್’ ಅಂದರೆ ನನ್ನ ಹತ್ತಿರ ಸೈಕಲ್ ಇತ್ತು. ಈಗ ಬೋರ್ಡಿನ ಮೇಲೆ ‘ಇಫ್ ಐ ಹ್ಯಾಡ್ ಎ ಸೈಕಲ್, ಐ ವುಡ್ ಕಮ್ ಅರ್ಲಿ’ ಅಂತ ಬರೆದರೆ, ‘ಅಕ್ಕೋರೇ, ಇದು ಯಾವಾಗಿನ ಮಾತು? ಸೈಕಲ್ ಇತ್ತೋ, ಇಲ್ಲವೋ?’ ಅಂತ ಕೇಳುತ್ತಾರೆ. ಕೇಳುವುದು ಸರಿಯೇ ಇದೆ.

ಇಫ್ ವಾಕ್ಯಗಳನ್ನು ಮೂರು ಬಗೆ ಮಾಡುವ ಟೈಪ್ ಒನ್, ಟೂ, ತ್ರೀ ಕೋಷ್ಟಕ ಬಾಯಿಪಾಠ ಮಾಡಿಸಿದರೆ ಬಿಟ್ಟ ಸ್ಥಳ ತುಂಬುತ್ತಾರೆ. ಸ್ವಂತ ವಾಕ್ಯ ಬರೆಯಿರಿ ಅಂದರೆ ಬರುವುದು ಇವು:

‘ಇಫ್ ಐ ವುಡ್ ಹ್ಯಾವ್ ಮನಿ, ಐ ವಿಲ್ ಬೈ ಎ ಸೈಕಲ್.’
‘ಇಫ್ ಯು ಟೋಲ್ಡ್ ಮಿ ಯೆಸ್ಟರ್‌ಡೇ, ಐ ವಾಸ್ ಬ್ರಿಂಗಿಂಗ್ ದ ಬುಕ್.’
‘ಐ ವಿಶ್ ಐ ಆಮ್ ಟಾಲ್.’

ಎರಡನೆಯ ತಪ್ಪು ಎಲ್ಲಕ್ಕಿಂತ ಹೆಚ್ಚು. ಇದು ಎಲ್ಲಿಂದ ಬರುತ್ತದೆ? ಕೋಷ್ಟಕ ಬಿಟ್ಟು, ಕನ್ನಡದ ಕಡೆಯಿಂದಲೇ ಹೋಗುವ ದಾರಿ ಉಂಟೋ?

ಕೋಡಿಬಾಗ, ಕಾರವಾರ

ಅಕ್ಕೋರೇ, ದಾರಿ ಉಂಟು. ನಿಮ್ಮ ಮಕ್ಕಳ ಪ್ರಶ್ನೆಯ ಎರಡನೇ ಅರ್ಧವೇ ಆ ದಾರಿ. ‘ಯಾವಾಗ’ ಅನ್ನುವುದಕ್ಕಿಂತ ಮೊದಲು ‘ಇತ್ತೋ, ಇಲ್ಲವೋ’ ಅಂತ ಕೇಳಬೇಕು.

ಇಂಗ್ಲಿಷಿನ ಎರಡನೇ ರೂಪಕ್ಕೆ ಆಗಿಹೋದದ್ದನ್ನು ಹೇಳುವುದು ಒಂದು ಕೆಲಸ, ಅದೊಂದೇ ಕೆಲಸವಲ್ಲ. ಆ ರೂಪ ಮಾತನ್ನು ‘ಈಗ, ಇಲ್ಲಿ, ನಿಜ’ ಅನ್ನುವುದರಿಂದ ಒಂದು ಮಾರು ದೂರ ಇಡುತ್ತದೆ. ಕಾಲದಲ್ಲಿ ದೂರ ಇಟ್ಟರೆ ನಿನ್ನೆಯ ಮಾತು. ನಿಜದಿಂದ ದೂರ ಇಟ್ಟರೆ ಕಲ್ಪನೆಯ ಮಾತು. ಎದುರಿಗಿದ್ದವರಿಂದ ದೂರ ಇಟ್ಟರೆ ಮರ್ಯಾದೆಯ ಮಾತು. ‘ಭೂತಕಾಲ’ ಅನ್ನುವ ಹೆಸರು ಮೊದಲನೆಯದನ್ನಷ್ಟೇ ಹೇಳುವುದರಿಂದ ಉಳಿದೆರಡು ವಿಚಿತ್ರ ಅನಿಸುತ್ತವೆ.

ಕನ್ನಡದಲ್ಲೂ ಇದು ಉಂಟು ಅಂತ ಮೊದಲು ತೋರಿಸಿ. ‘ನಾಳೆ ಮಳೆ ಬಂದರೆ ಅಡಿಕೆ ಕೊನೆ ಕೊಯ್ಯುವುದಿಲ್ಲ.’ ‘ಬಂದರೆ’ ಬಿಡಿಸಿದರೆ ಸಿಗುವುದು ‘ಬಂದ’, ‘ಬಂದಳು’ ಇವುಗಳಲ್ಲಿರುವ ಅದೇ ಭೂತಕಾಲದ ‘ಬಂದ್’, ಅದಕ್ಕೆ ಹಚ್ಚಿದ ‘ಅರೆ’. ಮಳೆ ನಾಳೆಯದು, ರೂಪ ನಿನ್ನೆಯದು. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ‘ಬಸ್ ಬಂತು’ ಅನ್ನುತ್ತೇವೆ. ಮನೆಯ ಮೆಟ್ಟಿಲ ಮೇಲೆ ನಿಂತು ‘ಹಾಗಾದ್ರೆ ನಾ ಹೊರಟೆ’ ಅನ್ನುತ್ತೇವೆ. ಭೂತಕಾಲದ ರೂಪ ಇದ್ದಲ್ಲೆಲ್ಲ ನಿನ್ನೆ ಇರಬೇಕಿಲ್ಲ ಅನ್ನುವುದು ಇಷ್ಟರಿಂದ ಮಕ್ಕಳ ತಲೆಗೆ ಹೋಗುತ್ತದೆ.

ಎರಡು ಭಾಷೆ ಬೇರೆಯಾಗುವ ಜಾಗ ಇದು:

‘ದುಡ್ಡಿದ್ದರೆ ಕೊಡ್ತೇನೆ.’
‘ದುಡ್ಡಿದ್ದರೆ ಕೊಡ್ತಿದ್ದೆ.’

ಮೊದಲ ತುಂಡು ಎರಡರಲ್ಲೂ ಒಂದೇ. ಒಂದರಲ್ಲಿ ಕಿಸೆ ನೋಡಿಕೊಳ್ಳಬೇಕು, ದುಡ್ಡು ಇರಲೂಬಹುದು. ಇನ್ನೊಂದರಲ್ಲಿ ದುಡ್ಡಿಲ್ಲ, ಮುಗಿಯಿತು. ಆ ವ್ಯತ್ಯಾಸವನ್ನು ಕನ್ನಡ ಕೊನೆಯ ಕ್ರಿಯಾಪದದ ಮೇಲೆ ಮಾತ್ರ ಹೇರುತ್ತದೆ. ಇಂಗ್ಲಿಷ್ ಎರಡೂ ಕಡೆ ಗುರುತು ಕೇಳುತ್ತದೆ: ‘ಇಫ್ ಐ ಹ್ಯಾವ್ ಮನಿ, ಐ ವಿಲ್ ಲೆಂಡ್ ಯು ಸಮ್’ ಮತ್ತು ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಲೆಂಡ್ ಯು ಸಮ್’. ಆದ್ದರಿಂದ ಕನ್ನಡ ವಾಕ್ಯವನ್ನು ತುದಿಯಿಂದ ಓದಿಸಿ. ಕೊನೆಯಲ್ಲಿ ‘ತೇನೆ, ತ್ತದೆ’ ಬಂದರೆ ನಿಜವಾಗಬಹುದಾದದ್ದು. ಫಲದ ಬದಿಗೆ ‘ವಿಲ್’, ಇಫ್ ಬದಿಗೆ ಒಂದನೇ ರೂಪ. ಕೊನೆಯಲ್ಲಿ ‘ತಿದ್ದೆ, ತ್ತಿತ್ತು’ ಬಂದರೆ ಕಲ್ಪನೆ. ಫಲದ ಬದಿಗೆ ‘ವುಡ್’, ಇಫ್ ಬದಿಯ ಕ್ರಿಯಾಪದ ಒಂದು ಹೆಜ್ಜೆ ಹಿಂದಕ್ಕೆ.

‘ಐ ವಾಸ್ ಬ್ರಿಂಗಿಂಗ್’ ಬರುವುದೂ ಈ ‘ತಿದ್ದೆ’ಯಿಂದಲೇ. ಅದು ಮೂರು ಕಡೆ ದುಡಿಯುತ್ತದೆ. ‘ಆಗೆಲ್ಲ ದಿನಾ ಬುತ್ತಿ ತರುತ್ತಿದ್ದೆ’ ಅಂದರೆ ರೂಢಿ, ‘ಯೂಸ್ಡ್ ಟು ಬ್ರಿಂಗ್’. ‘ನೀನು ಕರೆದಾಗ ನೀರು ತರುತ್ತಿದ್ದೆ’ ಅಂದರೆ ನಡೆಯುತ್ತಿದ್ದ ಕೆಲಸ, ‘ವಾಸ್ ಬ್ರಿಂಗಿಂಗ್’. ‘ನಿನ್ನೆ ಹೇಳಿದ್ದರೆ ಪುಸ್ತಕ ತರುತ್ತಿದ್ದೆ’ ಅಂದರೆ ತರಲೇ ಇಲ್ಲ, ‘ವುಡ್ ಹ್ಯಾವ್ ಬ್ರಾಟ್’. ಮಗು ‘ವಾಸ್ ಬ್ರಿಂಗಿಂಗ್’ ಬರೆದರೆ ಬೈಯಬೇಡಿ, ‘ತಂದೆಯಾ?’ ಅಂತ ಒಂದೇ ಮಾತು ಕೇಳಿ. ‘ಇಲ್ಲ’ ಅಂದರೆ ಅಲ್ಲಿ ‘ವಾಸ್’ ನಿಲ್ಲುವುದಿಲ್ಲ.

ಇಫ್ ಬದಿಗೂ ಕನ್ನಡದಲ್ಲಿ ಒಂದು ಸಣ್ಣ ಗುರುತು ಉಂಟು. ‘ಹೇಳಿದರೆ’ ಮತ್ತು ‘ಹೇಳಿದ್ದರೆ’. ಆ ದಕಾರದ ಒತ್ತು ಬಂದಾಗ ಇಂಗ್ಲಿಷಿನಲ್ಲಿ ‘ಹ್ಯಾಡ್’ ಬರುತ್ತದೆ: ‘ಇಫ್ ಯು ಹ್ಯಾಡ್ ಟೋಲ್ಡ್ ಮಿ ಯೆಸ್ಟರ್‌ಡೇ, ಐ ವುಡ್ ಹ್ಯಾವ್ ಬ್ರಾಟ್ ದ ಬುಕ್.’ ಹೋದರೆ–ಹೋಗಿದ್ದರೆ, ಬಂದರೆ–ಬಂದಿದ್ದರೆ, ಹೆಚ್ಚಿನವಕ್ಕೆ ಇದು ನಡೆಯುತ್ತದೆ. ‘ಬಿದ್ದರೆ’, ‘ಗೆದ್ದರೆ’ ಇಂಥವುಗಳ ಹಾಗೆ ‘ಇರು’ ಮೋಸ ಮಾಡುತ್ತದೆ: ‘ಇದ್ದರೆ’ಯಲ್ಲಿ ಒತ್ತು ಹುಟ್ಟಿನಿಂದಲೇ ಬಂದದ್ದು. ಅಲ್ಲಿ ‘ಇದ್ದಿದ್ದರೆ’ ಬಂದಾಗ ‘ಹ್ಯಾಡ್ ಬೀನ್’ ಅಥವಾ ‘ಹ್ಯಾಡ್ ಹ್ಯಾಡ್’ ಬರೆಯಬೇಕು. ಆಡುಮಾತಿನಲ್ಲಿ ‘ನಿನ್ನೆ ದುಡ್ಡಿದ್ರೆ ಕೊಡ್ತಿದ್ದೆ’ ಅಂತ ಹಗುರ ಮಾಡಿ ಹೇಳುವುದೂ ಉಂಟು. ಅನುಮಾನ ಬಂದರೆ ‘ಈಗ’ ಇಲ್ಲವೇ ‘ಆಗ’ ಸೇರಿಸಿ ನೋಡಿ, ಯಾವುದು ಕೂರುತ್ತದೋ ಅದು.

ಕುಮಟಾ ಕ್ರಾಸ್

ಮೇಲಿನವರು ಹೇಳಿದ್ದು ಯಾಕೆ ಅನ್ನುವುದಕ್ಕೆ ಸಾಕು. ಬೋರ್ಡಿನ ಮೇಲೆ ಹೇಗೆ ಅನ್ನುವುದನ್ನು ನಾನು ಬರೆಯುತ್ತೇನೆ. ಇಫ್ ವಾಕ್ಯದಿಂದ ಶುರು ಮಾಡಲೇಬೇಡಿ. ನಿಜ ಸಂಗತಿಯಿಂದ ಶುರು ಮಾಡಿ. ಎರಡು ಸಣ್ಣ ನಿಜ ವಾಕ್ಯ, ನಡುವೆ ‘ಸೋ’.

ನಮ್ಮ ಕಡೆ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಮೀನುಗಾರಿಕೆ ಬಂದ್. ಹಾಗಾಗಿ ಬೋರ್ಡಿನ ಎಡಕ್ಕೆ: ‘ಇಟ್ ಈಸ್ ಜುಲೈ, ಸೋ ದ ಬೋಟ್ಸ್ ಆರ್ ನಾಟ್ ಅಟ್ ಸೀ.’ ಈಗ ಎರಡು ಕೆಲಸ. ಮೊದಲು ಮಗುಚು: ‘ಇದೆ’ ಅನ್ನುವುದನ್ನು ‘ಇಲ್ಲ’ ಮಾಡು, ‘ಇಲ್ಲ’ ಅನ್ನುವುದನ್ನು ‘ಇದೆ’ ಮಾಡು, ಎರಡೂ ತುಂಡಿನಲ್ಲಿ. ಆಮೇಲೆ ಹಿಂದೆ ತಳ್ಳು: ಇಫ್ ಬದಿಯ ‘ಈಸ್’ ಇದ್ದದ್ದು ‘ವರ್’, ಫಲದ ಬದಿಗೆ ‘ವುಡ್’. ಬಲಕ್ಕೆ ಸಿಗುವುದು: ‘ಇಫ್ ಇಟ್ ವರ್ ನಾಟ್ ಜುಲೈ, ದ ಬೋಟ್ಸ್ ವುಡ್ ಬಿ ಅಟ್ ಸೀ.’ ಮಾತು ಪೂರ್ತಿ ಇವತ್ತಿನದೇ, ಕ್ರಿಯಾಪದ ಮಾತ್ರ ಹಿಂದೆ ಸರಿದಿದೆ. ಇದನ್ನು ಮಕ್ಕಳು ಕಣ್ಣಾರೆ ಕಾಣಬೇಕು, ಅದಕ್ಕೇ ಎಡಗಡೆಯ ನಿಜ ವಾಕ್ಯ ಅಳಿಸಬೇಡಿ.

ನಿಮ್ಮ ಊರಿನದೇ ಬೇಕಾದರೆ: ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ‘ಇಫ್ ದ ಜಾತ್ರೆ ಕೇಮ್ ಎವ್ರಿ ಇಯರ್’ ಅಂತ ಇಫ್ ಬದಿಯನ್ನಷ್ಟೇ ಕೊಟ್ಟು ಬಿಡಿ. ಫಲದ ಬದಿಯನ್ನು ಹೇಳಲು ಇಡೀ ತರಗತಿ ಕೈಯೆತ್ತುತ್ತದೆ.

ನಿಜ ಸಂಗತಿಯೇ ಆಗಿಹೋದದ್ದಾದರೆ ಎರಡನೇ ರೂಪ ಮೊದಲೇ ಖರ್ಚಾಗಿರುತ್ತದೆ. ಇನ್ನೂ ಹಿಂದೆ ತಳ್ಳಲು ಉಳಿದದ್ದು ‘ಹ್ಯಾಡ್’ ಜತೆಗೆ ಮೂರನೇ ರೂಪ. ಟೈಪ್ ತ್ರೀ ಅನ್ನುವುದು ಇಷ್ಟೇ. 2024ರ ಆಗಸ್ಟಿನಲ್ಲಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು, ಪಕ್ಕದಲ್ಲಿ ಹೊಸ ಸೇತುವೆ ಇತ್ತು. ‘ದೇರ್ ವಾಸ್ ಎ ಸೆಕೆಂಡ್ ಬ್ರಿಜ್, ಸೋ ಸದಾಶಿವಗಡ ವಾಸ್ ನಾಟ್ ಕಟ್ ಆಫ್ ಫ್ರಮ್ ಕಾರವಾರ.’ ಮಗುಚಿ ತಳ್ಳಿದರೆ: ‘ಇಫ್ ದೇರ್ ಹ್ಯಾಡ್ ನಾಟ್ ಬೀನ್ ಎ ಸೆಕೆಂಡ್ ಬ್ರಿಜ್, ಸದಾಶಿವಗಡ ವುಡ್ ಹ್ಯಾವ್ ಬೀನ್ ಕಟ್ ಆಫ್.’

ಎರಡು ಬದಿಯ ಕಾಲ ಬೇರೆ ಬೇರೆ ಇದ್ದರೆ ಒಂದೊಂದು ಬದಿಯನ್ನು ಅದರದರ ಕಾಲಕ್ಕೆ ತಕ್ಕಂತೆ ತಳ್ಳಬೇಕು. ರವೀಂದ್ರನಾಥ ಟ್ಯಾಗೋರರು ಹರೆಯದಲ್ಲಿ ಕಾರವಾರಕ್ಕೆ ಬಂದು ಉಳಿದಿದ್ದರು, ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. ಕಡಲತೀರಕ್ಕೆ ಇವತ್ತಿಗೂ ಟ್ಯಾಗೋರರ ಹೆಸರು. ಬಂದದ್ದು ಹಿಂದೆ, ಹೆಸರು ಇರುವುದು ಈಗ: ‘ಇಫ್ ಟ್ಯಾಗೋರ್ ಹ್ಯಾಡ್ ನಾಟ್ ಕಮ್ ಟು ಕಾರವಾರ, ದ ಬೀಚ್ ವುಡ್ ನಾಟ್ ಹ್ಯಾವ್ ಹಿಸ್ ನೇಮ್ ಟುಡೇ.’ ಇದಕ್ಕೆ ‘ಮಿಕ್ಸ್ಡ್’ ಅಂತ ನಾಲ್ಕನೇ ಕೋಷ್ಟಕ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಎಡವುವ ಜಾಗಗಳು: ಒಂದೇ ತುಂಡು ಮಗುಚಿ ಇನ್ನೊಂದನ್ನು ಹಾಗೇ ಬಿಡುವುದು ಬಹಳ ಸಾಮಾನ್ಯ, ‘ಇಫ್ ಇಟ್ ವರ್ ನಾಟ್ ಜುಲೈ, ದ ಬೋಟ್ಸ್ ವುಡ್ ನಾಟ್ ಬಿ ಅಟ್ ಸೀ’ ಅಂತ. ವ್ಯಾಕರಣ ಸರಿ, ಅರ್ಥ ಉಲ್ಟಾ, ಅದಕ್ಕೇ ಮಾರ್ಕು ಹಾಕುವಾಗ ತಪ್ಪಿಸಿಕೊಳ್ಳುತ್ತದೆ. ‘ನಾಟ್’ ಇರುವಲ್ಲೆಲ್ಲ ಬಣ್ಣದ ಚಾಕಿನಲ್ಲಿ ಅಡಿಗೆರೆ ಹಾಕಿಸಿ. ಎಡಕ್ಕೆ ಗೆರೆ ಇದ್ದ ತುಂಡಿಗೆ ಬಲಕ್ಕೆ ಗೆರೆ ಇರಬಾರದು. ಇನ್ನೊಂದು, ಎರಡೂ ಬದಿಗೆ ‘ವುಡ್’ ಸುರಿಯುವುದು. ವುಡ್ ಅಂದರೆ ಕಲ್ಪನೆ ಅಂತ ಹೇಳಿಕೊಟ್ಟದ್ದರ ಫಲ ಅದು. ‘ಬಲಬದಿಗೆ ಒಂದೇ ಒಂದು ವುಡ್, ಅದೂ ಇಫ್ ಇಲ್ಲದ ಕಡೆ’ ಅಂತ ಹೇಳಿ.

ಹೊನ್ನಾವರ ಪೇಟೆ

ಒಂದು ಎಚ್ಚರಿಕೆ ಹೇಳದೆ ಇರಲಾಗುವುದಿಲ್ಲ. ಇಫ್ ಜತೆ ಎರಡನೇ ರೂಪ ಕಂಡ ಕೂಡಲೇ ‘ಕಲ್ಪನೆ’ ಅಂತ ಗುರುತು ಹಾಕುವ ಚಟ ಮಕ್ಕಳಿಗೆ ಹತ್ತಬಾರದು.

‘ಇಫ್ ಇಟ್ ರೇನ್ಡ್, ದ ಚಿಲ್ಡ್ರನ್ ಸ್ಟೇಡ್ ಅಟ್ ಹೋಮ್.’ ಇಲ್ಲಿ ಕಲ್ಪನೆ ಏನೂ ಇಲ್ಲ. ಆಗೆಲ್ಲ ಮಳೆ ಬಂದ ದಿನ ಮಕ್ಕಳು ನಿಜವಾಗಿಯೂ ಮನೆಯಲ್ಲೇ ಉಳಿಯುತ್ತಿದ್ದರು. ‘ಇಫ್’ ತೆಗೆದು ‘ವೆನ್’ ಹಾಕಿ ನೋಡಿ. ಅರ್ಥ ಕೆಡದಿದ್ದರೆ ಅದು ನಡೆದದ್ದು. ‘ವೆನ್ ಐ ಹ್ಯಾಡ್ ಎ ಸೈಕಲ್, ಐ ವುಡ್ ಕಮ್ ಅರ್ಲಿ’ ಅಂತ ಮಾಡಿದರೆ ನಿಮ್ಮ ವಾಕ್ಯದ ಅರ್ಥವೇ ಬೇರೆಯಾಯಿತು: ಸೈಕಲ್ ಇದ್ದ ಕಾಲದಲ್ಲಿ ಬೇಗ ಬರುತ್ತಿದ್ದೆ. ಮೂಲದಲ್ಲಿ ಇಲ್ಲದ ಸೈಕಲ್ ಇಲ್ಲಿ ಬಂದು ನಿಂತಿತು.

ಇನ್ನೊಂದು ನಮೂನೆ: ‘ಇಫ್ ಹಿ ಲೆಫ್ಟ್ ಕುಮಟಾ ಅಟ್ ಎಯ್ಟ್, ಹಿ ಈಸ್ ಆನ್ ದ ಘಾಟ್ ನೌ.’ ಎಂಟಕ್ಕೆ ಹೊರಟನೋ ಇಲ್ಲವೋ ಹೇಳುವವನಿಗೆ ಗೊತ್ತಿಲ್ಲ, ಹೊರಟಿರಲೂಬಹುದು. ‘ಲೆಫ್ಟ್’ ಇಲ್ಲಿ ಅಪ್ಪಟ ಭೂತಕಾಲ. ಫಲದ ಬದಿಗೆ ‘ವುಡ್’ ಇಲ್ಲ ಅನ್ನುವುದೇ ಗುರುತು. ಇದನ್ನೇ ಕಲ್ಪನೆಗೆ ತಿರುಗಿಸಿದರೆ ‘ಇಫ್ ಹಿ ಹ್ಯಾಡ್ ಲೆಫ್ಟ್ ಅಟ್ ಎಯ್ಟ್, ಹಿ ವುಡ್ ಬಿ ಆನ್ ದ ಘಾಟ್ ನೌ’, ಅಂದರೆ ಎಂಟಕ್ಕೆ ಹೊರಡಲಿಲ್ಲ ಅಂತ ಗೊತ್ತಾದ ಮೇಲಿನ ಮಾತು. ಈ ಎರಡನ್ನು ಒಂದರ ಕೆಳಗೊಂದು ಬರೆದರೆ ಅರ್ಧ ಪಾಠ ಅಲ್ಲೇ ಆಯಿತು.

ಹಾಗೆಯೇ ‘ವುಡ್’ ಕೂಡ ಯಾವಾಗಲೂ ಕಲ್ಪನೆಯದಲ್ಲ. ‘ಹಿ ಸೆಡ್ ಹಿ ವುಡ್ ಕಮ್’ ಅನ್ನುವಲ್ಲಿ ಅದು ‘ವಿಲ್’ನ ಭೂತಕಾಲ, ಅಷ್ಟೇ.

ಕುಮಟಾದವರು ಕೋಷ್ಟಕವನ್ನು ಪೂರ್ತಿ ಬದಿಗಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಇಫ್ ಕ್ಲಾಸ್ ಪ್ರಶ್ನೆಗೆ ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ, ಅಲ್ಲಿ ಫಲದ ಬದಿ ನೋಡಿ ಥಟ್ಟನೆ ಆರಿಸಲು ಕೋಷ್ಟಕವೇ ಬೇಕು. ಮೊದಲು ಮಗುಚಿ ತಳ್ಳುವುದನ್ನು ಕಲಿಸಿ, ಕೊನೆಯಲ್ಲಿ ಕೋಷ್ಟಕವನ್ನು ಮಕ್ಕಳಿಂದಲೇ ತುಂಬಿಸಿ.

ಬನವಾಸಿ ರಸ್ತೆ, ಶಿರಸಿ

ಎಲ್ಲರಿಗೂ ಧನ್ಯವಾದ. ‘ತಂದೆಯಾ?’ ಅನ್ನುವ ಪ್ರಶ್ನೆಯೂ ‘ವೆನ್’ ಪರೀಕ್ಷೆಯೂ ನಾಳೆಯೇ ತರಗತಿಗೆ ಹೋಗುತ್ತವೆ. ಎರಡು ಉಳಿದವು. ‘ಇಫ್ ಐ ವರ್’ ಸರಿ, ‘ಇಫ್ ಐ ವಾಸ್’ ತಪ್ಪು ಅಂತಲೇ ಹೇಳಬೇಕೋ? ಮತ್ತೆ ವಿಶ್ ಬಗ್ಗೆ ಯಾರೂ ಬರೆಯಲಿಲ್ಲ.

ಅಘನಾಶಿನಿ

ಮೇಡಂ, ‘ವರ್’ ಇಂಗ್ಲಿಷಿನಲ್ಲಿ ಹಿಂದೆ ಕಲ್ಪನೆಗೆಂದೇ ಇದ್ದ ಪ್ರತ್ಯೇಕ ರೂಪದ ಉಳಿಕೆ. ಬೇರೆ ಕ್ರಿಯಾಪದಗಳಲ್ಲಿ ಅದು ಸವೆದು ಎರಡನೇ ರೂಪದಲ್ಲೇ ಸೇರಿಹೋಯಿತು, ‘ಬಿ’ಯಲ್ಲಿ ಮಾತ್ರ ‘ಐ, ಹಿ, ಶಿ, ಇಟ್’ ಜತೆಗೂ ‘ವರ್’ ಅಂತ ನಿಂತಿದೆ. ಇಂಗ್ಲಿಷ್ ಮನೆಮಾತಿನವರು ಸಲೀಸು ಮಾತಿನಲ್ಲಿ ‘ಇಫ್ ಐ ವಾಸ್’ ಧಾರಾಳ ಬಳಸುತ್ತಾರೆ. ಪರೀಕ್ಷೆಗೆ, ಅರ್ಜಿಗೆ ‘ವರ್’ ಬರೆಸಿ. ಮಗು ಮಾತಿನಲ್ಲಿ ‘ವಾಸ್’ ಅಂದರೆ ತಡೆಯಬೇಡಿ. ‘ಇಫ್ ಐ ವರ್ ಯು’ ಅನ್ನುವುದನ್ನು ಮಾತ್ರ ಅಚ್ಚು ಹೊಡೆದಂತೆ ಹಾಗೇ ಕಲಿಸಿಬಿಡಿ.

ವಿಶ್‌ಗೆ ಬರೋಣ. ಅದು ಇಫ್ ಬದಿಯನ್ನಷ್ಟೇ ಕಿತ್ತು ತಂದ ಹಾಗೆ, ಆದ್ದರಿಂದ ಅದೇ ಮಗುಚು, ಅದೇ ತಳ್ಳು. ‘ಐ ಆಮ್ ನಾಟ್ ಟಾಲ್’ ಇದ್ದದ್ದು ‘ಐ ವಿಶ್ ಐ ವರ್ ಟಾಲ್’. ಅಡಿಕೆ ಬೆಳೆಗಾರರ ಮನೆ ಮಕ್ಕಳಿಗೆ (ಚಾಲಿ ಅಂದರೆ ಒಣಗಿಸಿ ಸುಲಿದ ಅಡಿಕೆ): ‘ವಿ ಸೋಲ್ಡ್ ದ ಚಾಲಿ ಟೂ ಅರ್ಲಿ’ ಇದ್ದದ್ದು ‘ಐ ವಿಶ್ ವಿ ಹ್ಯಾಡ್ ನಾಟ್ ಸೋಲ್ಡ್ ದ ಚಾಲಿ ಸೋ ಅರ್ಲಿ’. ‘ವಿಶ್’ ಮಾತ್ರ ಒಂದನೇ ರೂಪದಲ್ಲೇ ಇರುತ್ತದೆ, ಯಾಕೆಂದರೆ ಹಳಹಳಿಸುವುದು ಈಗ.

ವಿಶ್ ಜತೆ ‘ವುಡ್’ ಬರುವುದು ಬೇರೆಯವರೋ ಬೇರೆ ಯಾವುದೋ ಬದಲಾಗಲಿ ಅಂತ ಚಡಪಡಿಸುವಾಗ: ‘ಐ ವಿಶ್ ದ ಬಸ್ ವುಡ್ ಕಮ್’, ‘ಐ ವಿಶ್ ದ ರೇನ್ ವುಡ್ ಸ್ಟಾಪ್’. ತನ್ನ ಬಗ್ಗೆಯೇ ಆದರೆ ‘ಐ ವಿಶ್ ಐ ಕುಡ್ ಸ್ವಿಮ್’. ‘ಐ ವಿಶ್ ಐ ವುಡ್’ ಸಾಮಾನ್ಯವಾಗಿ ಕೂರುವುದಿಲ್ಲ.

ನಮ್ಮಲ್ಲಿ ಪಿಯುಸಿ, ಡಿಗ್ರಿ ದಾಟಿದವರೂ ಮಾಡುವ ತಪ್ಪು ‘ಐ ವಿಶ್ ಯು ವಿಲ್ ಪಾಸ್’. ಆಗಬಹುದಾದದ್ದಕ್ಕೆ ‘ಹೋಪ್’: ‘ಐ ಹೋಪ್ ಯು ಪಾಸ್’. ಲಗ್ನಪತ್ರಿಕೆಗೆ ಉತ್ತರವಾಗಿ ಬರೆಯುವ ‘ಐ ವಿಶ್ ಯು ಎ ಹ್ಯಾಪಿ ಮ್ಯಾರೀಡ್ ಲೈಫ್’ ಸರಿಯೇ, ಯಾಕೆಂದರೆ ಅಲ್ಲಿ ವಿಶ್ ಆದಮೇಲೆ ಕ್ರಿಯಾಪದವೇ ಇಲ್ಲ, ಹಾರೈಸಿದ ವಸ್ತು ಮಾತ್ರ ಇದೆ.

ಇಫ್ ಇಲ್ಲದೆಯೂ ಹಿಂದೆ ತಳ್ಳುವ ಇನ್ನೂ ಕೆಲವು ಜಾಗ ಒಟ್ಟಿಗೇ ತೋರಿಸಿಬಿಡಿ. ‘ಇಟ್ಸ್ ಟೈಮ್ ವಿ ಲೆಫ್ಟ್’: ಹೊರಡುವ ಹೊತ್ತಾಯಿತು, ಇನ್ನೂ ಹೊರಟಿಲ್ಲ. ‘ಐ ವುಡ್ ರಾದರ್ ಯು ಕೇಮ್ ಟುಮಾರೋ’: ನೀವು ನಾಳೆ ಬಂದರೇ ಒಳ್ಳೇದಿತ್ತು. ಆದರೆ ತಾನೇ ಮಾಡುವುದಾದರೆ ‘ಐ ವುಡ್ ರಾದರ್ ಗೋ ಟುಮಾರೋ’, ತಳ್ಳುವುದಿಲ್ಲ. ‘ಹಿ ಟಾಕ್ಸ್ ಆ್ಯಸ್ ಇಫ್ ಹಿ ಓನ್ಡ್ ದ ಬ್ಯಾಂಕ್’: ಬ್ಯಾಂಕು ಅವನದಲ್ಲ. ‘ಹಿ ಲುಕ್ಸ್ ಆ್ಯಸ್ ಇಫ್ ಹಿ ಈಸ್ ಟಯರ್ಡ್’ ಅನ್ನುವಲ್ಲಿ ತಳ್ಳಲಿಲ್ಲ, ಯಾಕೆಂದರೆ ದಣಿದಿರುವುದು ನಿಜವೇ ಇರಬಹುದು.

ಕೋಡಿಬಾಗ, ಕಾರವಾರ

ಮೂರನೆಯ ದೂರ, ಮರ್ಯಾದೆಯದು, ಹಾಗೇ ಉಳಿದುಹೋಯಿತು. ಅಕ್ಕೋರೇ, ನೀವು ಮೊದಲ ಸಾಲಿನಲ್ಲೇ ‘ಒಂದು ವಿಷಯ ಕೇಳಬೇಕಿತ್ತು’ ಅಂತ ಬರೆದಿದ್ದೀರಿ. ಕೇಳುವುದು ಈಗ, ರೂಪ ‘ಇತ್ತು’. ಅಂಗಡಿಯವರೂ ‘ಏನಾಗಬೇಕಿತ್ತು?’ ಅನ್ನುತ್ತಾರೆ. ಇಂಗ್ಲಿಷಿನವರ ‘ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್’, ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಹೆಲ್ಪ್’ ಇವುಗಳ ಜಾತಿಯೂ ಇದೇ. ‘ವಾಂಟ್’ ಅಂದರೆ ನೇರ ಮುಂದೆ ಬಂದು ನಿಂತ ಹಾಗೆ, ‘ವಾಂಟೆಡ್’ ಅಂದರೆ ಇಲ್ಲ ಅನ್ನಲು ಎದುರಿನವರಿಗೆ ಜಾಗ ಬಿಟ್ಟ ಹಾಗೆ. ಬ್ಯಾಂಕಿಗೆ, ಕಾಲೇಜಿಗೆ ಬರೆಯುವ ಪತ್ರದಲ್ಲಿ ‘ಐ ವಾಂಟ್’ ಇದ್ದಲ್ಲಿ ‘ಐ ವುಡ್ ಲೈಕ್’ ಹಾಕಿಸುವುದು ಇದಕ್ಕೇ.

‘ಬೇಕಿತ್ತು’ ಅನುವಾದಿಸುವಾಗ ಮಾತ್ರ ಜಾಗ್ರತೆ. ‘ನಿಮ್ಮನ್ನು ಕೇಳಬೇಕಿತ್ತು’ ಅಂದರೆ ಈಗ ಕೇಳುತ್ತೇನೆ ಅಂತಲೂ ಆಗುತ್ತದೆ, ಕೇಳದೆ ತಪ್ಪಾಯಿತು ಅಂತಲೂ ಆಗುತ್ತದೆ. ಮೊದಲನೆಯದು ‘ಐ ವಾಂಟೆಡ್ ಟು ಆಸ್ಕ್’, ಎರಡನೆಯದು ‘ಐ ಶುಡ್ ಹ್ಯಾವ್ ಆಸ್ಕ್ಡ್’.

ಕುಮಟಾ ಕ್ರಾಸ್

ಕೇಳಿಸಿಕೊಳ್ಳುವಾಗಿನ ಒಂದು ತೊಡಕು ಸೇರಿಸುತ್ತೇನೆ. ಮಾತಿನಲ್ಲಿ ‘ಹ್ಯಾಡ್’ ಮತ್ತು ‘ವುಡ್’ ಎರಡೂ ಕುಗ್ಗಿ ಬರೀ ‘ಡ್’ ಆಗುತ್ತವೆ: ‘ಇಫ್ ಐಡ್ ನೋನ್, ಐಡ್ ಹ್ಯಾವ್ ಟೋಲ್ಡ್ ಯು.’ ಮುಂದಿನ ಪದ ನೋಡಿ ಬಿಡಿಸಬೇಕು. ‘ನೋನ್’ ಮೂರನೇ ರೂಪ, ಹಾಗಾದರೆ ಮೊದಲ ‘ಡ್’ ಹ್ಯಾಡ್. ‘ಹ್ಯಾವ್’ ಒಂದನೇ ರೂಪ, ಹಾಗಾದರೆ ಎರಡನೆಯದು ವುಡ್. ‘ಕಮ್’, ‘ಪುಟ್’, ‘ಕಟ್’ ಇಂಥವುಗಳಿಗೆ ಒಂದನೇ ಮತ್ತು ಮೂರನೇ ರೂಪ ಒಂದೇ ಆದ್ದರಿಂದ ಅಲ್ಲಿ ಇಫ್ ಯಾವ ಬದಿಗಿದೆ ಅಂತ ನೋಡಿ. ‘ಯುಡ್ ಬೆಟರ್ ಗೋ’ ಅನ್ನುವಲ್ಲಿ ಒಂದನೇ ರೂಪ ಬಂದರೂ ‘ಡ್’ ಹ್ಯಾಡ್‌ನದೇ. ಅದು ‘ಹ್ಯಾಡ್ ಬೆಟರ್’ ಅನ್ನುವ ಕಟ್ಟಿದ ನುಡಿ, ಹೋಗುವುದೇ ಒಳ್ಳೆಯದು ಅಂತ ಈಗ ಹೇಳುವ ಬುದ್ಧಿಮಾತು, ಅದನ್ನು ಈ ಪಾಠದಿಂದ ಹೊರಗೇ ಇಡಿ. ‘ವುಡ್ ಹ್ಯಾವ್’ ಕುಗ್ಗಿ ‘ವುಡವ್’ ಅಂತ ಕೇಳುವುದರಿಂದ ‘ವುಡ್ ಆಫ್’ ಅಂತ ಬರೆಯುವವರು ಇಂಗ್ಲೆಂಡಿನಲ್ಲೂ ಇದ್ದಾರೆ. ಡಿಕ್ಟೇಶನ್ ಕೊಡುವಾಗ ಅಲ್ಲಿ ‘ಹ್ಯಾವ್’ ಅಂತ ಬಿಡಿಸಿ ಹೇಳಿ.